ಯಂತ್ರದ ಗೋತ್ರಪ್ರವರ

ತಲಾಟಿಯ (ಗ್ರಾಮಲೆಕ್ಕಿಗನ) ಬೆನ್ನುಹತ್ತಿ ಉತಾರವನ್ನು, ಎಂದರೆ ಪಹಣಿಯನ್ನು, ಬರೆಯಿಸಿಕೊಳ್ಳುತ್ತಿದ್ದ ರೋಣ, ನರಗುಂದ ಸೀಮೆಯ ಒಕ್ಕಲಿಗನು, ಈ ಶತಮಾನದ ಮೊದಲ ವರುಷಗಳಲ್ಲಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ತೆತ್ತು ಅದನ್ನು ಗಣಕಯಂತ್ರದಿಂದಲೇ ಪಡೆಯುವಂತಾದನು. ಆಗಿನ್ನೂ ರೋಣ ತಾಲ್ಲೂಕಿಗೆ ಸೇರಿದ್ದ ಗಜೇಂದ್ರಗಡದವರು ಅದಕ್ಕಾಗಿ ರೋಣಕ್ಕೇ ಬರಬೇಕಾಗಿತ್ತು. 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳನ್ನು 177 ತಾಲ್ಲೂಕುಗಳಲ್ಲಿ ಗಣಕಕ್ಕೇರಿಸಿದ ‘ಭೂಮಿ’ ಯೋಜನೆಯ ಕೀರ್ತಿ ಸರ್ವವಿದಿತವೇ. ನನ್ನ ಕುತೂಹಲವಾದರೋ ಅಂತಹ ಯಂತ್ರಗಳನ್ನು ಕೆಲಸಕ್ಕೆ ಅಣಿಗೊಳಿಸುವ, ಯಾರ ಕಣ್ಣಿಗೂ ಬೀಳದ ಕಸುಬಿನ ಕಡೆಗೆ.

ಪ್ರಿಂಟರು, ಬೆರಳಚ್ಚು ಹಿಡಿಯುವ ಉಪಕರಣ, ಧ್ವನಿಫಲಕ, ಇವೊಂದೊಂದಕ್ಕೂ ಕಾರ್ಯಾಚರಣ ವ್ಯವಸ್ಥೆಗೂ ನಡುವೆ ದುಭಾಷಿಯಾಗಿ ನಿಲ್ಲುವ ಕಿರುತಂತ್ರಾಂಶಕ್ಕೆ ಡ್ರೈವರ್ ಎಂದು ಹೆಸರು. (ರೋಣದ ಬಸ್ ನಿಲ್ದಾಣದಲ್ಲಿ ಆ ಶಬ್ದಕ್ಕೆ ಬೇರೆಯೇ ಅರ್ಥವುಂಟು.) ಅಂದಿನ ತಂತ್ರಜ್ಞನು ವಿಂಡೋಸಿನ ಸಿಡಿಯನ್ನು ತೂರಿಸಿ, ಪರದೆ ಕೇಳಿದ ಪ್ರಶ್ನೆಗೆಲ್ಲ ಉತ್ತರಿಸುತ್ತ, ಡಿಸ್ಕಿನ ನಿಯಂತ್ರಕವು ಅಪರಿಚಿತವಾಗಿದ್ದರೆ ಎಫ್6 ಕೀಲಿಯನ್ನೊತ್ತಿ ಫ್ಲಾಪಿಯಿಂದ ಡ್ರೈವರನ್ನು ಉಣಿಸಿ, ಕೊನೆಗೆ ಡ್ರೈವರಿಲ್ಲದ ಉಪಕರಣಗಳನ್ನು ತೋರಿಸುವ ಹಳದಿ ಪ್ರಶ್ನಾರ್ಥಕ ಚಿಹ್ನೆಗಳು ಒಂದೊಂದಾಗಿ ಅಳಿಯುವವರೆಗೆ ಅಲ್ಲಿಂದ ಏಳುವಂತಿರಲಿಲ್ಲ, ಪಕ್ಕದ ಯಂತ್ರದೆದುರು ಅದೇ ವ್ರತವು ಮೊದಲಿನಿಂದ.

ಉತ್ತರಗಳನ್ನು ಮುಂಚಿತವಾಗಿ ಒಂದು ಕಡತದಲ್ಲಿ ಬರೆದಿಟ್ಟು ಯಂತ್ರವನ್ನು ಅದರ ಪಾಡಿಗೆ ಬಿಟ್ಟುಬಿಡುವ ಉಪಾಯವು 1996ರ ವಿಂಡೋಸ್ ಎನ್‌ಟಿ 4.0ರಲ್ಲಿಯೇ ಇದ್ದಿತು. ವಿಂಡೋಸ್ 2000, ಡ್ರೈವರುಗಳ ಕೋಶವು ಎಲ್ಲಿದೆಯೆಂಬುದನ್ನೂ ಅದೇ ಕಡತದಲ್ಲಿ ಸೂಚಿಸಲು ಅನುವು ಮಾಡಿತು. ಆ ಕೋಶದಿಂದ ತಕ್ಕ ಡ್ರೈವರನ್ನು ಆರಿಸುವ ಮರ್ಮವೋ, ನಮ್ಮ ಅಭಿವಾದನಕ್ಕೆ ತೀರ ಸಮೀಪವಾದುದು: ವಟುವು ಗೋತ್ರಪ್ರವರಗಳನ್ನು ಹೇಳಿ ತನ್ನ ಹೆಸರನ್ನು ನಿವೇದಿಸುವಂತೆ, ಪ್ರತಿಯೊಂದು ಪಿಸಿಐ ಫಲಕವೂ ತಯಾರಕರ ಸಂಖ್ಯೆಯೊಂದನ್ನೂ ತನ್ನ ಸಂಖ್ಯೆಯೊಂದನ್ನೂ ಉಚ್ಚರಿಸುತ್ತದೆ, ಡ್ರೈವರಿನ ಜೊತೆಗಿರುವ ಐಎನ್‌ಎಫ್ ಕಡತದಲ್ಲಿ ಆ ಜೋಡಿಯಿದ್ದರೆ ಸಂಬಂಧವು ಕುದುರಿತು. ಇಂಟೆಲ್ಲಿನ ಗೋತ್ರಸಂಖ್ಯೆ 8086. 1978ರಲ್ಲಿ ಆ ಕಂಪನಿ ಹೊರತಂದ ಪ್ರಸಿದ್ಧ ಚಿಪ್ಪಿನ ಹೆಸರೂ ಅದೇ. ಇಂಜಿನಿಯರುಗಳಿಗೂ ಕುಲಾಭಿಮಾನವಿರುವುದೆಂದು ತಿಳಿದು ನನಗೆ ಸಂತೋಷವೇ ಆಯಿತು.

2009ರ ವಿಂಡೋಸ್ ಸರ್ವರ್ 2008 ಆರ್2ರ ಹೊತ್ತಿಗೆ, ಜಾಲದ ಮೂಲಕ ಅನುಸ್ಥಾಪನೆಗೊಳ್ಳುವ ಯಂತ್ರವು ತನ್ನ ಉಪಕರಣಗಳ ಪ್ರವರವನ್ನೊಪ್ಪಿಸಿದರೆ ಸರ್ವರು ತಕ್ಕ ಡ್ರೈವರುಗಳನ್ನಷ್ಟೇ ಆರಿಸಿಕೊಡುವಂತಾಯಿತು. ಆದರೂ ಒಂದು ತೊಡಕು ಉಳಿಯಿತು. ಜಾಲದ ಕಾರ್ಡಿಗೇ ಡ್ರೈವರ್ ಇಲ್ಲದಿದ್ದರೆ ಯಂತ್ರವು ಸರ್ವರನ್ನು ಮುಟ್ಟುವುದಾದರೂ ಎಂತು? ಅಗಸಿಯ ಕೀಲಿಕೈ ಅಗಸಿಯ ಒಳಗೇ ಉಳಿದಂತಾಯಿತು. ಆದಕಾರಣ, ಅನುಸ್ಥಾಪನೆಗೆ ಯಂತ್ರವನ್ನು ಮೊದಲು ಎಬ್ಬಿಸುವ ಬೂಟ್ ಇಮೇಜಿನಲ್ಲಿ ಡ್ರೈವರಿಲ್ಲದ ಹೊಸ ಕಾರ್ಡು ಬಂದಾಗಲೆಲ್ಲ, ಆ ಕಾರ್ಡಿನ ಡ್ರೈವರನ್ನು ಮನುಷ್ಯನೇ ಕೈಯಾರೆ ಆ ಇಮೇಜಿನೊಳಗೆ ಸೇರಿಸಿಡುತ್ತಾನೆ.