ಕೊಡುವ ಗಾಡಿ, ಕುಡಿಯುವ ಗಾಡಿ

ಭಾವ ಕಾರು ಕೊಳ್ಳಲು ಹೊರಟಾಗ ನಾನೂ ಜೊತೆಗೆ ಹೋಗಿದ್ದೆ. ಅವರ ಊರು ಹನೂರಿನಾಚೆ, ಕೌದಳ್ಳಿ ಕಡೆ. ಕೊಳ್ಳೇಗಾಲದಲ್ಲಿ ಹಳೆಯ ಗಾಡಿಗಳನ್ನು ಸಾಲಾಗಿ ನಿಲ್ಲಿಸಿದ್ದ ಜಾಗದಲ್ಲಿ, ಬಾಗಿಲು ತೆಗೆಯುವ ಮೊದಲೇ, ಟೈರು ಮುಟ್ಟುವ ಮೊದಲೇ ಅವರು ಕೇಳಿದ್ದು ಒಂದೇ ಮಾತು: "ಎಷ್ಟ್ ಕೊಡ್ತದಣ್ಣ?" ಮಾರುವವನು "ಇಪ್ಪತ್ತೆರಡು ಕೊಡ್ತದ" ಎಂದ. ಏನನ್ನು ಕೊಡುತ್ತದೆ, ಎಷ್ಟಕ್ಕೆ ಕೊಡುತ್ತದೆ ಎಂದು ಇಬ್ಬರೂ ಹೇಳಲಿಲ್ಲ. ಭಾವ ಪಕ್ಕದ ದೊಡ್ಡ ಗಾಡಿಯತ್ತ ತಿರುಗಿದಾಗ ಅವನೇ ತಡೆದ: "ಅದು ಬ್ಯಾಡ ಬುಡಿ, ಎಣ್ಣೆ ಕುಡಿತದ."

ಕೊಡುವುದು, ಕುಡಿಯುವುದು. ಅಂದಿನಿಂದ ಈ ಎರಡು ಕ್ರಿಯಾಪದಗಳು ನನ್ನ ಕಿವಿಯಲ್ಲೇ ಉಳಿದಿವೆ. ಕೊಡುವುದು ಹಸುವಿನ ಮಾತು, ಹೊಲದ ಮಾತು. ಹೊತ್ತಿಗೆ ಆರು ಲೀಟರ್ ಕೊಡುವ ಹಸು, ಕೈತುಂಬ ಕೊಟ್ಟ ಹೊಲ. ಕುಡಿಯುವುದು ಮನೆ ಹಾಳಾಗುವ ಮಾತು. ದುಡಿದು ಮನೆಗೆ ಕೊಡುವವನೊಬ್ಬ, ದುಡಿದದ್ದನ್ನು ಕುಡಿಯುವವನೊಬ್ಬ. ಕಾರು ನಮ್ಮೂರುಗಳಿಗೆ ಬಂದಾಗ ಜನ ಅದನ್ನು ಯಂತ್ರವೆಂದು ಹೊರಗೆ ನಿಲ್ಲಿಸದೆ, ದನಕರುಗಳ ಮತ್ತು ಮನುಷ್ಯರ ಲೆಕ್ಕಕ್ಕೇ ಸೇರಿಸಿಕೊಂಡಿದ್ದಾರೆ.

ಇವೆರಡಕ್ಕೂ ಮೇಲೊಂದು ಯಜಮಾನ ಪದವಿದೆ: ಮೈಲೇಜ್. ಅದರ ಬಾಳು ವಿಚಿತ್ರವಾದದ್ದು. ಇಂಗ್ಲಿಷಿನಲ್ಲಿ ಅದು ಮೊದಲು ಹಣದ ಹೆಸರಾಗಿತ್ತು: ಪ್ರಯಾಣ ಮಾಡುವವರಿಗೆ ಮೈಲಿಗೆ ಇಷ್ಟು ಎಂದು ಕೊಡುತ್ತಿದ್ದ ಭತ್ಯೆ. ಬ್ರಿಟಿಷರ ಕಾಲದ ಕಚೇರಿಗಳ ಪ್ರಯಾಣ ಬಿಲ್ಲುಗಳಲ್ಲೂ ಅದೇ ಅರ್ಥ. ಆಗ ಕೊಳ್ಳೇಗಾಲ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಕೊಳ್ಳೇಗಾಲದವರು ಜಿಲ್ಲಾ ಕಚೇರಿಯ ಕೆಲಸಕ್ಕೆ ಘಟ್ಟ ಇಳಿದು ಮೈಲಿಗಟ್ಟಲೆ ದೂರದ ಕೊಯಮತ್ತೂರಿಗೇ ಹೋಗಬೇಕಿತ್ತು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. ಮೈಲಿಯನ್ನು ಕಿಲೋಮೀಟರಿಗೆ ಬದಲಿಸಿದ ತೂಕ ಮತ್ತು ಅಳತೆಗಳ ಕಾನೂನು ಬಂದದ್ದೂ ಅದೇ 1956ರಲ್ಲಿ. ರಸ್ತೆ ಬದಿಯ ಕಲ್ಲಿನ ಮೇಲಿಂದ ಮೈಲಿ ಅಳಿಸಿಹೋಯಿತು, ಮೈಲಿಗಲ್ಲು ಎಂಬ ಹೆಸರು ಮಾತ್ರ ಉಳಿಯಿತು. ಗ್ಯಾಲನ್ ಹೋಯಿತು, ಲೀಟರ್ ಬಂತು. ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬ, ಮೈಲಿಯೂ ಇಲ್ಲದ, ಗ್ಯಾಲನ್ನೂ ಇಲ್ಲದ ಲೆಕ್ಕಕ್ಕೆ ನಾವು ಇವತ್ತಿಗೂ ಮೈಲೇಜ್ ಎನ್ನುತ್ತೇವೆ. ಹರದಾರಿಯಂಥ ನಮ್ಮದೇ ಅಳತೆ ಬಾಯಿಂದ ಜಾರಿಹೋಗಿರುವಾಗ ಈ ಪರದೇಶಿ ಪದ ಹೀಗೆ ಬೇರು ಬಿಟ್ಟದ್ದು ನನಗೆ ಇಂದಿಗೂ ಬೆರಗು. ರಾಜಕಾರಣಿಯೊಬ್ಬರು ಒಂದು ಹೇಳಿಕೆಯಿಂದ ಮೈಲೇಜ್ ಪಡೆದರು ಎಂದು ಪತ್ರಿಕೆಗಳು ಬರೆಯುವಷ್ಟು ಅದು ನಮ್ಮದಾಗಿದೆ.

ಆದರೆ ಕಾರು ಕೊಳ್ಳುವಾಗ ಈ ಪದ ನಮ್ಮ ಲೆಕ್ಕವನ್ನು ದಾರಿ ತಪ್ಪಿಸುತ್ತದೆ. ಸಾವಿರ ಕಿಲೋಮೀಟರ್ ಓಡಿಸಬೇಕು ಎಂದುಕೊಳ್ಳಿ. ಲೀಟರಿಗೆ 10 ಕೊಡುವ ಗಾಡಿಗೆ 100 ಲೀಟರ್ ಬೇಕು, 15 ಕೊಡುವುದಕ್ಕೆ ಸುಮಾರು 67. ಉಳಿದದ್ದು 33 ಲೀಟರ್. ಇನ್ನು 20 ಕೊಡುವ ಗಾಡಿಗೆ 50, 25 ಕೊಡುವುದಕ್ಕೆ 40. ಉಳಿದದ್ದು 10 ಲೀಟರ್ ಅಷ್ಟೆ. ಎರಡು ಕಡೆಯೂ ವ್ಯತ್ಯಾಸ ಐದೇ, ಉಳಿತಾಯ ಮಾತ್ರ ಮೂರು ಪಟ್ಟು ಬೇರೆ. 'ಎಷ್ಟು ಕೊಡುತ್ತೆ' ಎಂದು ಕೇಳಿದರೆ ಇದು ಕಾಣುವುದಿಲ್ಲ, 'ಎಷ್ಟು ಕುಡಿಯುತ್ತೆ' ಎಂದು ಕೇಳಿದರೆ ತಕ್ಷಣ ಕಾಣುತ್ತದೆ. ಯೂರೋಪಿನವರು ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಎಂದು ಲೆಕ್ಕ ಹಾಕುವುದು ಇದಕ್ಕೇ ಒದಗುತ್ತದೆ. 'ಎಣ್ಣೆ ಕುಡಿತದ' ಎಂಬ ನಮ್ಮ ಬೈಗುಳದಲ್ಲಿ ಆ ಲೆಕ್ಕ ಮೊದಲೇ ಇತ್ತು. ನಾವು ಅದನ್ನು ಬೈಯುವುದಕ್ಕೆ ಮಾತ್ರ ಬಳಸಿದೆವು, ಅಳೆಯುವುದಕ್ಕೆ ಬಳಸಲಿಲ್ಲ.

ಇಪ್ಪತ್ತೆರಡು ಎಂಬ ಆ ಅಂಕಿ ಬರುವುದಾದರೂ ಎಲ್ಲಿಂದ? ಹೊಸ ಕಾರುಗಳ ಜಾಹೀರಾತಿನಲ್ಲಿ ಕಾಣುವ ಸಂಖ್ಯೆ ಪ್ರಯೋಗಾಲಯದ ರೋಲರುಗಳ ಮೇಲೆ ಚಕ್ರ ಉರುಳಿಸಿ, ನಿಗದಿ ಮಾಡಿದ ವೇಗದಲ್ಲಿ ಓಡಿಸಿ ಅಳೆದದ್ದು. ಅಲ್ಲಿ ಮಾದಪ್ಪನ ಬೆಟ್ಟದ ಹಾದಿಯ ತಾಳಬೆಟ್ಟದ ತಿರುವುಗಳಿಲ್ಲ, ಹಿಂದಿನ ಸೀಟಿನಲ್ಲಿ ಮೂವರು ಹೆಂಗಸರೂ ಒಂದು ಮೂಟೆ ಅಕ್ಕಿಯೂ ಇಲ್ಲ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿಗೆ ಶೇ. 20ರಷ್ಟು ಎಥೆನಾಲ್ ಬೆರೆಸುತ್ತಾರೆ. ಒಂದು ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಪೆಟ್ರೋಲಿನ ಮೂರನೇ ಎರಡು ಭಾಗ. ಆ ಮಿಶ್ರಣಕ್ಕೆಂದು ಹೊಂದಿಸದ ಹಳೆಯ ಕಾರುಗಳಲ್ಲಿ ಶೇ. 6ರಿಂದ 7ರಷ್ಟು ಇಳಿಕೆ ಆಗಬಹುದೆಂದು 2021ರಲ್ಲಿ ನೀತಿ ಆಯೋಗದ ವರದಿಯೇ ಹೇಳಿತ್ತು. ಹಳೆಯ ಗಾಡಿ ಕೊಳ್ಳುವವರು ಮಾರುವವನ ಇಪ್ಪತ್ತೆರಡರಿಂದ ಒಂದೂವರೆಯನ್ನು ಇಲ್ಲೇ ಕಳೆದುಕೊಳ್ಳಬೇಕು.

ಬೆಟ್ಟದ್ದು ಬೇರೆಯೇ ಲೆಕ್ಕ. ನಮ್ಮ ಸೀಮೆಯಲ್ಲಿ ಕಾರು ಎಂದರೆ ವರ್ಷಕ್ಕೆ ನಾಲ್ಕಾರು ಸಲ ಮಾದಪ್ಪನ ಬೆಟ್ಟ, ಒಮ್ಮೆಯಾದರೂ ಯಳಂದೂರಿನ ಮೇಲೆ ಬಿಳಿಗಿರಿರಂಗನ ಬೆಟ್ಟ. ಐದು ಜನ ಕೂತ ಸಣ್ಣ ಕಾರನ್ನು 500 ಮೀಟರ್ ಮೇಲಕ್ಕೆ ಎತ್ತುವುದಕ್ಕೇ ಸುಮಾರು ಮುಕ್ಕಾಲು ಲೀಟರ್ ಪೆಟ್ರೋಲ್ ಬೇಕು. ದೂರ ಸಾಗುವ ಖರ್ಚು ಬೇರೆ. ಇಳಿಯುವಾಗ ಅದನ್ನು ವಾಪಸು ಪಡೆಯುತ್ತೇವೆಂದು ಎಷ್ಟೋ ಜನ ಗೇರು ತೆಗೆದು ನ್ಯೂಟ್ರಲ್‌ನಲ್ಲಿ ಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇಂದಿನ ಇಂಜೆಕ್ಷನ್ ಎಂಜಿನುಗಳಲ್ಲಿ ಗೇರಿನಲ್ಲಿಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಎಣ್ಣೆ ಹರಿಯುವುದೇ ನಿಲ್ಲುತ್ತದೆ, ಚಕ್ರವೇ ಎಂಜಿನನ್ನು ತಿರುಗಿಸುತ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ತಾನಾಗಿ ಉರಿಯುತ್ತಿರಲು ಎಣ್ಣೆ ಬೇಕೇ ಬೇಕು. ಗಾಡಿಯ ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು, ಬ್ರೇಕು ಕಾದು, ತುಳಿದರೂ ಹಿಡಿಯದ ಗಳಿಗೆ ಬರುತ್ತದೆ. ಮೈಲೇಜ್ ಎಂಬ ಪದದ ಆಸೆಗೆ ಘಟ್ಟದ ತಿರುವಿನಲ್ಲಿ ಮನೆಮಂದಿಯ ಜೀವ ಒಡ್ಡುವುದನ್ನು ಕಂಡಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಭಾವನಿಗೆ ನಾನು ಹಾಳೆಯ ಮೇಲೆ ಬರೆದು ತೋರಿಸಿದ್ದು ಇನ್ನೂ ಸರಳವಾಗಿತ್ತು. ನೀವು ವರ್ಷಕ್ಕೆ ಓಡಿಸುವುದು ಹೆಚ್ಚೆಂದರೆ 6,000 ಕಿಲೋಮೀಟರ್. ನಮಗೆ ರೈಲಿಲ್ಲ, ಆಸ್ಪತ್ರೆಗೆ ಮೈಸೂರಿಗೆ ಹೋಗಬೇಕು, ಮದುವೆ ಮುಂಜಿ ಇರುತ್ತದೆ, ಎಲ್ಲ ಸೇರಿಸಿದರೂ ಅಷ್ಟೆ. ಅದೇ ಸಾಲಿನಲ್ಲಿದ್ದ 18 ಕೊಡುವ ಗಾಡಿಗೆ 333 ಲೀಟರ್, ಮೊದಲು ನೋಡಿದ 22 ಕೊಡುವುದಕ್ಕೆ 273. ಲೀಟರಿಗೆ ನೂರು ರೂಪಾಯಿ ಹಿಡಿದರೆ ವರ್ಷಕ್ಕೆ ಉಳಿಯುವುದು ಆರು ಸಾವಿರ. ಎರಡು ಗಾಡಿಗಳ ಬೆಲೆಯ ಅಂತರ ಎಂಬತ್ತು ಸಾವಿರ. ಅದು ತೀರಲು ಹದಿಮೂರು ವರ್ಷ ದಾಟಬೇಕು. ದಿನವೂ ಮೈಸೂರಿಗೆ ಬಾಡಿಗೆ ಹೊಡೆಯುವವನಿಗೆ ಇದೇ ಅಂತರ ಎರಡು ವರ್ಷದೊಳಗೆ ತೀರುತ್ತದೆ. ಅವನ ಬಾಯಲ್ಲಿ ಮೈಲೇಜ್ ಎಂಬ ಮಾತಿಗೆ ಪೂರ್ತಿ ತೂಕವಿದೆ. ಭಾವ ಅದೇ ಮಾತನ್ನು ಅವನಿಂದ ಸಾಲ ತಂದು ಆಡುತ್ತಿದ್ದರು.

ಅವರು ಹಾಳೆಯನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಆ ಹದಿನೆಂಟರ ಗಾಡಿಯ ಬಳಿ ಹೋಗಿ, ಬಾನೆಟ್ ಎತ್ತಿಸಿ, ಬೇರೆಯದೇ ಪ್ರಶ್ನೆ ಕೇಳಿದರು: "ಇದು ಎಷ್ಟು ಬಾಳ್ತದ?"

ಬಾಳು. ಕನ್ನಡದ ಎಷ್ಟು ದೊಡ್ಡ ಪದ ಇದು! ಬದುಕುವುದೂ ಬಾಳುವುದೇ, ಬಹುಕಾಲ ತಾಳುವುದು ಬಾಳಿಕೆ, ಇಷ್ಟು ಬೆಲೆಗೆ ತಕ್ಕದ್ದು ಎನ್ನುವುದಕ್ಕೂ 'ಎರಡು ಲಕ್ಷ ಬಾಳುತ್ತೆ' ಎನ್ನುತ್ತೇವೆ. ಆಯುಸ್ಸು, ತಾಳಿಕೆ, ಮೌಲ್ಯ, ಮೂರೂ ಒಂದೇ ಧಾತುವಿನಲ್ಲಿವೆ. ಭಾವನ ಊರು ಆಲಂಬಾಡಿ, ಬರಗೂರು ಎತ್ತುಗಳ ಸೀಮೆಯ ಅಂಚಿನದು. ಅಲ್ಲಿ ಎತ್ತು ಕೊಳ್ಳುವವರು ಹಲ್ಲು ನೋಡಿ, ಗೊರಸು ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡಿ ಇದೇ ಪ್ರಶ್ನೆ ಕೇಳುತ್ತಿದ್ದರು. ಎಷ್ಟು ಹುಲ್ಲು ತಿನ್ನುತ್ತದೆ ಎಂಬುದೂ ಅದರೊಳಗೇ ಬರುತ್ತಿತ್ತು, ಆದರೆ ಅದೊಂದೇ ಅಲ್ಲ. ಕಾರಿನಲ್ಲೂ ಹಾಗೆಯೇ. ಬಿಡಿಭಾಗ ಕೊಳ್ಳೇಗಾಲದಲ್ಲೇ ಸಿಗುತ್ತದೆಯೋ ಮೈಸೂರಿನಿಂದ ಬರಬೇಕೋ, ಹನೂರಿನ ಮೆಕ್ಯಾನಿಕ್ ಕೈಯಲ್ಲಿ ಬಿಚ್ಚಲಾಗುತ್ತದೆಯೋ, ತೋಟದ ಹಾದಿಯ ಕಲ್ಲಿಗೆ ಹೊಟ್ಟೆ ತಗಲುತ್ತದೆಯೋ, ಐದು ವರ್ಷದ ಮೇಲೆ ಮಾರಿದರೆ ಎಷ್ಟಕ್ಕೆ ಹೋಗುತ್ತದೆ, ಎಲ್ಲವೂ ಆ ಒಂದು ಪದದೊಳಗಿವೆ.

ಭಾವ ಹದಿನೆಂಟರದ್ದನ್ನೇ ಕೊಂಡರು. ಡೇರಿಗೆ ಹಾಲು ಹಾಕಿದ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಈಗ ಪೆಟ್ರೋಲಿನದೂ ಬರೆಯುತ್ತಾರೆ. ಟ್ಯಾಂಕು ತುಂಬಿಸಿದ ದಿನ, ಲೀಟರ್, ಮೀಟರಿನ ಓದು. ಮುಂದಿನ ಹಾಳೆಗಳಲ್ಲಿ ಕೊಟ್ಟದ್ದು, ಹಿಂದಿನ ಹಾಳೆಗಳಲ್ಲಿ ಕುಡಿದದ್ದು. ಕಳೆದ ಸಲ ಅಕ್ಕನನ್ನು ಕಣ್ಣಿನ ಪರೀಕ್ಷೆಗೆ ಮೈಸೂರಿಗೆ ಕರೆದುಕೊಂಡು ಹೋಗಿ ಬಂದ ಸಂಜೆ ಎಷ್ಟು ಕೊಟ್ಟಿತು ಎಂದು ನಾನು ಫೋನಿನಲ್ಲಿ ಕೇಳಿದೆ. ಅವರು ಪುಸ್ತಕ ನೋಡಿಯೇ ಹೇಳಿದರು: "ಹೋಗಿ ಬರಕ್ಕ ಹನ್ನೆರಡು ಕುಡಿತು."