ಉಳಿದ ಊಟದ ಲೆಕ್ಕ

ನನ್ನ ಮೊಬೈಲಿನಲ್ಲಿ 22 ನಿಮಿಷದ ಒಂದು ಧ್ವನಿಮುದ್ರಣವಿದೆ. ಎರಡು ವರ್ಷಗಳ ಹಿಂದೆ, ಕಡಲೆ ರಾಶಿ ಮುಗಿದು ಎರೆಹೊಲಗಳು ಬಿರುಕು ಬಿಡಲು ಶುರುವಾಗಿದ್ದ ದಿನಗಳಲ್ಲಿ, ನವಲಗುಂದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮಾಡಿಕೊಂಡದ್ದು. ಮಾತಾಡಿದವರು ಮರಾಠಾ ಲೈಟ್ ಇನ್‌ಫಂಟ್ರಿಯಿಂದ ನಿವೃತ್ತರಾದ ಒಬ್ಬ ಹಿರಿಯರು. ಊರವರು ಕರೆಯುತ್ತಿದ್ದಂತೆ ಅವರನ್ನು ಮಿಲಿಟರಿ ಅಜ್ಜ ಎಂದೇ ಕರೆಯುತ್ತೇನೆ.

ಧಾರವಾಡ ಜಿಲ್ಲೆಯಿಂದ ಸೈನ್ಯಕ್ಕೆ ಹೋದವರ ಬಗ್ಗೆ ಸಂಶೋಧನೆ ಮಾಡುತ್ತಿರುವ ನನಗೆ ಅಜ್ಜನ ಪಲ್ಟನ್ ಯಾವುದೆಂದು ತಿಳಿದಾಗ ಬಹಳ ಖುಷಿಯಾಗಿತ್ತು. 1971ರ ಡಿಸೆಂಬರಿನಲ್ಲಿ ಮರಾಠಾ ಲೈಟ್ ಇನ್‌ಫಂಟ್ರಿಯ ಒಂದನೇ ಬೆಟಾಲಿಯನ್ ಪೂರ್ವ ಪಾಕಿಸ್ತಾನದೊಳಗೆ ಹೋಗಿ, ಬ್ರಹ್ಮಪುತ್ರ ದಾಟಿ, ಜಮಾಲ್‌ಪುರದ ಹಿಂದಿನ ದಾರಿಯನ್ನು ಕಟ್ಟಿ ನಿಂತಿತ್ತು. ಆಗ ಅದರ ಮುಖ್ಯಸ್ಥರಾಗಿದ್ದವರು ಲೆಫ್ಟಿನೆಂಟ್ ಕರ್ನಲ್ ಕೆ.ಎಸ್. ಬ್ರಾರ್. ಊರೊಳಗಿದ್ದ ಪಾಕಿಸ್ತಾನದ 31 ಬಲೂಚ್ ಪಡೆಗೆ ಶರಣಾಗುವಂತೆ ನಮ್ಮ ಬ್ರಿಗೇಡಿಯರ್ ಹರದೇವ್ ಸಿಂಗ್ ಕ್ಲೇರ್ ಒಬ್ಬ ಬಂಗಾಳಿಯ ಕೈಯಲ್ಲಿ ಪತ್ರ ಕಳಿಸಿದರು. ಅಲ್ಲಿನ ಲೆಫ್ಟಿನೆಂಟ್ ಕರ್ನಲ್ ಸುಲ್ತಾನ್ ಅಹ್ಮದ್ ಮರುಪತ್ರ ಬರೆದು, ಅದರಲ್ಲಿ ಒಂದು ಬಂದೂಕಿನ ಗುಂಡನ್ನು ಸುತ್ತಿ ಕಳಿಸಿದ. ಡಿಸೆಂಬರ್ 10ರ ರಾತ್ರಿ ಆ ಪಡೆ ದಾರಿ ಸೀಳಿಕೊಂಡು ಹೊರಬೀಳಲು ನೋಡಿತು, ಮರಾಠರು ತಡೆದರು. 1971ರ ಯುದ್ಧದ ಪುಸ್ತಕಗಳಲ್ಲಿ ಈ ಗುಂಡಿನ ಪತ್ರದ ಕತೆ ಮತ್ತೆ ಮತ್ತೆ ಬರುತ್ತದೆ.

ನಾನು ಬರೆದುಕೊಂಡು ಹೋಗಿದ್ದ ಪ್ರಶ್ನೆಗಳಲ್ಲಿ ಮೊದಲನೆಯದೂ ಅದೇ. "ಅಜ್ಜಾರ, ಆ ಗುಂಡಿನ ಪತ್ರ ನೆನಪೈತೇನ್ರಿ?"

"ಯಾವ ಪತ್ರೋ ತಮ್ಮಾ? ನಮ್ಮ ತನಕ ಅದೆಲ್ಲಿ ಬರ್ತದ. ನಾ ಲಾಂಗ್ರಿ. ಲಡಾಯಿ ಅವರು ಮಾಡ್ಯಾರ, ನಾ ಅಡಗಿ ಮಾಡೇನಿ."

ಲಾಂಗ್ರಿ ಎಂದರೆ ಪಲ್ಟನ್ನಿನ ಅಡುಗೆಯವನು. ನನ್ನ ಉತ್ಸಾಹ ಅಲ್ಲಿಗೇ ಇಳಿಯಿತು. ಅಜ್ಜ ಮಾತ್ರ ಮಾತಾಡುತ್ತಲೇ ಇದ್ದರು. ಅಣ್ಣಿಗೇರಿಯಲ್ಲಿ ರೈಲು ಹತ್ತಿದ್ದು, ಬೆಳಗಾವಿಯ ಸೆಂಟರಿನಲ್ಲಿ ಮೊದಲ ಸಲ ಮೂರೂ ಹೊತ್ತು ಗೋಧಿ ಚಪಾತಿ ತಿಂದು ಹೊಟ್ಟೆ ಕೆಟ್ಟದ್ದು, ಜೋಳದ ರೊಟ್ಟಿ ಬಡಿದು ಪಳಗಿದ ಕೈಗೆ ಚಪಾತಿ ಲಟ್ಟಿಸುವುದು ಬಾರದೆ ಬೈಸಿಕೊಂಡದ್ದು, ಬೈಗುಳದ ಮೂಲಕವೇ ಮರಾಠಿ ಕಲಿತದ್ದು. ಅಲ್ಲಿಯ ಎತ್ತುಗಳು ನಮ್ಮ ಹೋರಿಗಳ ಅರ್ಧದಷ್ಟೂ ಇರಲಿಲ್ಲ ಎಂದು ನಕ್ಕರು. ಯಾವ ಪ್ರಶ್ನೆಗೂ ಉತ್ತರವಲ್ಲದ ಮಾತುಗಳು ಎಂದು ನನಗೆ ಅನ್ನಿಸಿತು. ಬ್ಯಾಟರಿ ಉಳಿಯಲಿ ಎಂದು 22ನೇ ನಿಮಿಷಕ್ಕೆ ರೆಕಾರ್ಡರ್ ಆರಿಸಿದೆ.

ಒಳಗಿನಿಂದ ಚಹಾ ಬಂತು. ಕುಡಿಯುತ್ತ ಅಜ್ಜ, ಯಾರಿಗೂ ಅಲ್ಲದ ಹಾಗೆ ಹೇಳಿದರು: "ಆ ರಾತ್ರಿಗೆ ಪೂರಿ, ಶಕರಪಾರಿ ಕಟ್ಟಿ ಕೊಟ್ಟಿದ್ವಿ. ಮರುದಿನ ಮಾಡಿದ್ದು ಉಳೀತು ನೋಡು. ಪಲ್ಟನ್ಯಾಗ ಊಟ ಉಳಿಯೂದಿಲ್ಲೋ ತಮ್ಮಾ. ಅವತ್ತ ಉಳೀತು."

ನಾನು ಹೂಂಗುಟ್ಟಿ, ಬಸಿ ಕೆಳಗಿಟ್ಟು, ಬೈಕ್ ಹತ್ತಿ ಬಂದೆ. ಎಷ್ಟು ಜನರ ಊಟ ಉಳಿಯಿತು, ಯಾರ್‍ಯಾರದು, ಉಳಿದದ್ದನ್ನು ಏನು ಮಾಡಿದಿರಿ ಎಂದು ಕೇಳಲಿಲ್ಲ.

ಏಕೆ ಕೇಳಲಿಲ್ಲ ಎಂಬ ಪ್ರಶ್ನೆ ಆಮೇಲೆ ನನ್ನನ್ನು ಬಹಳ ಕಾಡಿದೆ. ಸೈನಿಕನೆಂದರೆ ಹೋರಾಡಿದವನು, ಹೋರಾಡಿದವರಲ್ಲಿ ದಾಖಲೆಗೆ ಅರ್ಹನಾದವನು ಸತ್ತವನು ಎಂಬ ಲೆಕ್ಕ ನನಗೆ ತಿಳಿಯದೆಯೇ ನನ್ನ ತಲೆಯಲ್ಲಿತ್ತು. ಆ ಲೆಕ್ಕ ನನ್ನೊಬ್ಬನದಲ್ಲ. ನಮ್ಮ ನಾಡಿಗೆ ಅದು ಸಾವಿರ ವರ್ಷಗಳಿಂದ ರೂಢಿಯಾಗಿದೆ.

ನಮ್ಮ ಹಳ್ಳಿಗಳ ಹನುಮಪ್ಪನ ಗುಡಿಯ ಪಕ್ಕದಲ್ಲೋ ಕೆರೆ ದಂಡೆಯಲ್ಲೋ ನಿಂತಿರುವ ವೀರಗಲ್ಲುಗಳನ್ನು ನೋಡಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಶಿವಲಿಂಗದ ಮುಂದೆ ಅವನು ಕೂತಿರುವುದು. ಬರಹವಿದ್ದರೆ ಅವನ ಹೆಸರು, ಯಾರ ಮಗ, ಯಾವ ಊರಿನ ದನಕ್ಕಾಗಿ ಕಾದಿದ ಎಂಬ ವಿವರ ಇರುತ್ತದೆ. ಅರಸನಲ್ಲದ, ಸಾಮಂತನೂ ಅಲ್ಲದ ಸಾಮಾನ್ಯನ ಹೆಸರನ್ನು ಕಲ್ಲಿನಲ್ಲಿ ಕೊರೆದದ್ದು ದೊಡ್ಡ ಸಂಗತಿಯೇ. ಆದರೆ ಕಲ್ಲು ಏಳುವುದು ಸತ್ತವನಿಗೆ. ಅದೇ ಕಾಳಗದಲ್ಲಿ ಕಾದು, ದನ ಬಿಡಿಸಿಕೊಂಡು, ಗಾಯ ಕಟ್ಟಿಕೊಂಡು ಮನೆಗೆ ಬಂದವನು ಮತ್ತೆ ನೇಗಿಲು ಹಿಡಿದ. ಅವನ ಹೆಸರು ಹೋಯಿತು. ಈ ರೂಢಿ ನವಲಗುಂದದಲ್ಲಿ ಇನ್ನೂ ಜೀವಂತವಾಗಿದೆ. 1980ರ ಜುಲೈ 21ರ ರೈತ ಬಂಡಾಯದಲ್ಲಿ ಗುಂಡಿಗೆ ಬಲಿಯಾದವರಿಗೆ ಈ ಸೀಮೆಯಲ್ಲಿ ನಿಲ್ಲಿಸಿದ ಸ್ಮಾರಕವನ್ನೂ ಜನ ವೀರಗಲ್ಲು ಎಂದೇ ಕರೆಯುತ್ತಾರೆ.

ಬ್ರಿಟಿಷರು ಬಂದಾಗ ಲೆಕ್ಕ ಇನ್ನೊಂದು ಬಗೆಯದಾಯಿತು. ಮೊದಲ ಮಹಾಯುದ್ಧಕ್ಕೆ ಭಾರತದಿಂದ ಸುಮಾರು 13 ಲಕ್ಷ ಜನ ಸಮುದ್ರ ದಾಟಿ ಹೋದರು. 74,000ಕ್ಕೂ ಹೆಚ್ಚು ಮಂದಿ ಮರಳಲಿಲ್ಲ. ಆಗ ಧಾರವಾಡ ಮುಂಬಯಿ ಪ್ರಾಂತದ ಜಿಲ್ಲೆ. ಈ ಪ್ರಾಂತದ ಮರಾಠಾ ಪಲ್ಟನ್ನುಗಳಲ್ಲಿ ಮೂರು, ಅಂದರೆ 103, 110 ಮತ್ತು 117ನೆಯವು, ಮೆಸೊಪೊಟೇಮಿಯಾದ ಕುತ್ ಎಂಬ ಊರಿನಲ್ಲಿ ಸಿಕ್ಕಿಬಿದ್ದವು. 1915ರ ಡಿಸೆಂಬರ್ 7ರಿಂದ 1916ರ ಏಪ್ರಿಲ್ 29ರವರೆಗೆ ತುರ್ಕರ ಮುತ್ತಿಗೆ. ಕೊನೆಗೆ ಹಸಿವು ತಾಳಲಾರದೆ ಸುಮಾರು 13,000 ಜನ ಶರಣಾದರು. ಅವರಲ್ಲಿ ಸಾವಿರಾರು ಮಂದಿ ಬಂದೂಕು ಹಿಡಿದವರೇ ಅಲ್ಲ. ಅಡುಗೆಯವರು, ನೀರು ಹೊರುವವರು, ಹೇಸರಗತ್ತೆ ಹೊಡೆಯುವವರು. ಸೈನ್ಯದ ಕಾಗದಗಳಲ್ಲಿ ಅವರಿಗೆಲ್ಲ ಇದ್ದದ್ದು ಒಂದೇ ಹೆಸರು, ಫಾಲೋವರ್ಸ್. ಹಿಂದೆ ಬಂದವರು.

ಆ ರಣರಂಗದಲ್ಲಿ ಸತ್ತು ಗೋರಿ ಗುರುತಿಲ್ಲದವರಿಗಾಗಿ 1929ರಲ್ಲಿ ಬಸ್ರಾ ಸ್ಮಾರಕ ಎದ್ದಿತು. 40,000ಕ್ಕೂ ಹೆಚ್ಚು ಮಂದಿಯ ಸ್ಮಾರಕ ಅದು. ಅದರ ಗೋಡೆಗಳ ಮೇಲೆ ಬ್ರಿಟಿಷ್ ಸಿಪಾಯಿಗಳ ಹೆಸರು ಒಂದೊಂದಾಗಿ ಇವೆ. ಭಾರತೀಯ ಪಲ್ಟನ್ನುಗಳ ಮಟ್ಟಿಗೆ ಅಧಿಕಾರಿಗಳ ಹೆಸರಷ್ಟೇ ಇದ್ದು, ಸಿಪಾಯಿಗಳನ್ನು ಪಲ್ಟನ್‌ವಾರು ಸಂಖ್ಯೆಯಲ್ಲಿ ಮುಗಿಸಲಾಗಿದೆ. ಅವರ ಹೆಸರು ಸೇರಿದ್ದು ಬೇರೆ ದಪ್ತರಕ್ಕೆ. ಕಾಮನ್‌ವೆಲ್ತ್ ಯುದ್ಧಗೋರಿ ಆಯೋಗ 2021ರಲ್ಲಿ ಹೊರತಂದ ವರದಿಯಲ್ಲಿ ಈ ತಾರತಮ್ಯವನ್ನು ತಾನೇ ಒಪ್ಪಿಕೊಂಡಿತು. ಆಫ್ರಿಕಾ ಮತ್ತು ಮಧ್ಯಪ್ರಾಚ್ಯದಲ್ಲಿ ಸತ್ತವರ ಪೈಕಿ ಕನಿಷ್ಠ 1,16,000 ಮಂದಿ ಹೆಸರಿನಿಂದ ಸ್ಮರಿಸಲ್ಪಟ್ಟಿಲ್ಲ, ಬಹುಶಃ ಸ್ಮರಿಸಲ್ಪಟ್ಟೇ ಇಲ್ಲ ಎಂದು ಅದು ಹೇಳುತ್ತದೆ. ಇದೇ ಹೊತ್ತಿಗೆ ಭಾರತದ ಹಳ್ಳಿಗಳಲ್ಲಿ ಸರ್ಕಾರ ನೆಟ್ಟ ಕಲ್ಲುಗಳದೂ ಇದೇ ಧಾಟಿ. ಈ ಊರಿನಿಂದ ಇಷ್ಟು ಜನ ಮಹಾಯುದ್ಧಕ್ಕೆ ಹೋದರು, ಇಷ್ಟು ಜನ ಪ್ರಾಣ ಕೊಟ್ಟರು. ಹೆಸರಿಲ್ಲ. ವೀರಗಲ್ಲಾದರೋ ಒಬ್ಬೊಬ್ಬನಿಗೆ ಒಂದೊಂದು ಕಲ್ಲು ಕೊಟ್ಟಿತ್ತು.

ದಾಖಲೆ ಬೇರೆ ರೀತಿಯಲ್ಲೂ ಇರಲು ಸಾಧ್ಯವಿತ್ತು. ಲಾಹೋರ್ ಮ್ಯೂಸಿಯಮ್ಮಿನಲ್ಲಿ ಸುಮಾರು ನೂರು ವರ್ಷ ಬಿದ್ದಿದ್ದ ಪಂಜಾಬಿನ ಯುದ್ಧ ರಿಜಿಸ್ಟರುಗಳು ಈಚೆಗೆ ಬೆಳಕಿಗೆ ಬಂದಿವೆ. ಹಳ್ಳಿಹಳ್ಳಿಯ ಲೆಕ್ಕ ಅದು. ಸುಮಾರು 3,20,000 ಹೆಸರುಗಳು. ಅದರಲ್ಲಿ ಸತ್ತವರಷ್ಟೇ ಅಲ್ಲ, ಹೋಗಿ ಬಂದವರೂ ಇದ್ದಾರೆ. 2021ರಿಂದ ಅವು ಅಂತರ್ಜಾಲದಲ್ಲಿ ಸಿಗುತ್ತಿವೆ. ಬ್ರಿಟನ್ನಿನಲ್ಲಿ ನೆಲೆಸಿದ ಪಂಜಾಬಿಗಳು ತಮ್ಮ ಮುತ್ತಜ್ಜನ ಹೆಸರನ್ನು ಅಲ್ಲಿ ಹುಡುಕುತ್ತಿದ್ದಾರೆ.

ಹಳೆಯ ಮಾತು ಬಿಡಿ, ನಮ್ಮ ಕಣ್ಣೆದುರಿನದನ್ನೇ ನೋಡೋಣ. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ಹೆಸರು ಗೊತ್ತಿಲ್ಲದವರು ನಮ್ಮಲ್ಲಿ ಕಡಿಮೆ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿಯಿತು. ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ನಿನ ಹತ್ತು ಮಂದಿ ಅದರಡಿ ಸಿಕ್ಕರು. 8ರಂದು ಹನುಮಂತಪ್ಪ ಜೀವಂತ ಸಿಕ್ಕಾಗ ನಾವೆಲ್ಲ ಟಿವಿ ಮುಂದೆ ಕೂತಿದ್ದೆವು. 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಆಗ ನಾನು ಕಾಲೇಜು ವಿದ್ಯಾರ್ಥಿ. ಹಿಮದಡಿಯ ಆ ದಿನಗಳು ನಮಗೆ ಬಾಯಿಪಾಠ. ಅದಕ್ಕೂ ಮೊದಲು ಅವರು ಸೈನ್ಯದಲ್ಲಿ ಕಳೆದದ್ದು 13 ವರ್ಷ. ಆ 13 ವರ್ಷ ಅವರು ಬೆಳಿಗ್ಗೆ ಎದ್ದು ಏನು ಮಾಡುತ್ತಿದ್ದರು, ರಜೆಗೆ ಬರಲು ಎಷ್ಟು ರೈಲು ಬದಲಿಸುತ್ತಿದ್ದರು, ಎಂಥ ಚಳಿಗೆ ಎಂಥ ಊಟ, ಯಾರ ಜೊತೆ ಕನ್ನಡ ಮಾತಾಡುತ್ತಿದ್ದರು ಎಂದು ನಾವು ಕೇಳಲಿಲ್ಲ. ಸೇವೆ ಅಂದರೆ ಆ 13 ವರ್ಷ. ನಾವು ಬರೆದಿಟ್ಟದ್ದು ಅದರ ಕೊನೆಯನ್ನು.

ಅಜ್ಜನ ಹಳ್ಳಿಯಿಂದ ಬಂದು ಕೆಲವು ತಿಂಗಳಾದ ಮೇಲೆ ಮೌಖಿಕ ಇತಿಹಾಸದ ವಿಧಾನಗಳ ಬಗ್ಗೆ ಓದುತ್ತಿದ್ದೆ. ಅಮೆರಿಕದ ಕಾಂಗ್ರೆಸ್ 2000ದಲ್ಲಿ ಒಂದು ಕಾನೂನು ಮಾಡಿ, ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ನಿವೃತ್ತ ಸೈನಿಕರ ಇತಿಹಾಸ ಯೋಜನೆಯನ್ನು ಆರಂಭಿಸಿತು. ಈವರೆಗೆ ಒಂದು ಲಕ್ಷಕ್ಕೂ ಹೆಚ್ಚು ಜನರ ನೆನಪುಗಳು ಅಲ್ಲಿ ಸೇರಿವೆ. ಪದಕ ಬಂದಿರಬೇಕಿಲ್ಲ, ರಣರಂಗ ನೋಡಿರಬೇಕೆಂದೂ ಇಲ್ಲ. ಟ್ರಕ್ ಓಡಿಸಿದವರು, ನರ್ಸುಗಳು, ಗುಮಾಸ್ತರು, ಅಡುಗೆಯವರು ಯಾರಾದರೂ ಸರಿ. ಮಾತನ್ನು ದಾಖಲಿಸುವವರು ಪರಿಣತರೇ ಆಗಬೇಕಿಲ್ಲ, ಮೊಮ್ಮಗಳೋ ಶಾಲೆಯ ಹುಡುಗನೋ ಮಾಡಬಹುದು. ಶಕ್ತ ದೇಶವೊಂದು ತನ್ನ ಯುದ್ಧಗಳನ್ನು ಮೆರೆಸಿಕೊಳ್ಳಲು ಮಾಡುವ ಕೆಲಸವಿದು ಎಂದು ಅನುಮಾನದಿಂದಲೇ ಓದಲು ಶುರುಮಾಡಿದ್ದೆ. ಆದರೆ ಅಡುಗೆಯವನ ಮಾತನ್ನು ದೇಶದ ಗ್ರಂಥಾಲಯ ಕಾಯ್ದಿಟ್ಟರೆ ಯುದ್ಧವನ್ನು ಮೆರೆಸುವುದು ಕಷ್ಟವಾಗುತ್ತದೆ. ಗೆದ್ದ ರಾತ್ರಿಯ ಮರುದಿನ ಊಟ ಉಳಿಯಿತು ಎಂದು ಅವನು ಹೇಳಿಬಿಡುತ್ತಾನೆ.

ಆ ಯೋಜನೆಯ ನಿಯಮಗಳಲ್ಲಿ ಒಂದು, ಸಂದರ್ಶನ ಕನಿಷ್ಠ 30 ನಿಮಿಷ ಇರಬೇಕು ಎಂಬುದು. ನನ್ನ ಹತ್ತಿರ ಇದ್ದದ್ದು 22.

ಉಳಿದ ಮಾತು ಕೇಳಲೆಂದು ಮತ್ತೆ ಹೋದೆ. ಬೆಣ್ಣೆಹಳ್ಳ ತುಂಬಿ ಇಳಿದಿದ್ದ ಕಾಲ, ರಸ್ತೆಯ ಮೇಲೆಲ್ಲ ಅರಲು. ಮನೆಯ ಕಟ್ಟೆ ಖಾಲಿಯಿತ್ತು. ಅಜ್ಜ ತೀರಿಕೊಂಡು ಒಂದು ತಿಂಗಳಾಗಿತ್ತು. ಅವರ ಸೊಸೆ ನನ್ನ ಗುರುತು ಹಿಡಿದು, "ನೀವು ಬಂದು ಹೋದ ಮ್ಯಾಲೆ ಮಾವಾರು ಭಾಳ ದಿನಾ ಕೇಳತಿದ್ರು ನೋಡ್ರಿ, ಆ ಹುಡುಗ ಮತ್ತ ಬಂದಿಲ್ಲೇನು ಅಂತ" ಎಂದರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಒಳಗೆ ಕರೆದು ಟ್ರಂಕ್ ತೆರೆದು ತೋರಿಸಿದರು. ಡಿಸ್ಚಾರ್ಜ್ ಬುಕ್, ಪೆನ್ಶನ್ ಕಾಗದ, ಕ್ಯಾಂಟೀನ್ ಕಾರ್ಡು, ಒಂದು ಕರಿ ಕಂಬಳಿ, ಬಟ್ಟೆಯಲ್ಲಿ ಸುತ್ತಿದ ಪೂರ್ವಿ ಸ್ಟಾರ್ ಪದಕ. 1971ರಲ್ಲಿ ಪೂರ್ವ ರಣರಂಗದಲ್ಲಿ ಇದ್ದವರಿಗೆ ಕೊಟ್ಟ ಪದಕ ಅದು. ಅದರ ಅಂಚಿನಲ್ಲಿ ನಂಬರು, ಹೆಸರು. ಹೆಸರಿನ ಕೊನೆಯ 'ಅಪ್ಪ' ಉದುರಿಹೋಗಿತ್ತು. ಯಾವ ಗುಮಾಸ್ತನೋ ತನಗೆ ಕೇಳಿಸಿದಂತೆ ಬರೆದುಕೊಂಡಿದ್ದ, ಸೈನ್ಯದಲ್ಲಿ ಅಜ್ಜ ಹಾಗೇ ಉಳಿದರು. ಡಿಸ್ಚಾರ್ಜ್ ಬುಕ್ಕಿನಲ್ಲಿ ಸೇರಿದ ದಿನ, ಬಿಟ್ಟ ದಿನ, ಕೆಲಸ, ನಡತೆ ಎಲ್ಲ ಇತ್ತು. ಎಷ್ಟು ಜನರ ಊಟ ಉಳಿಯಿತು ಎಂಬುದು ಅದರಲ್ಲಿ ಇರುವುದು ಸಾಧ್ಯವಿರಲಿಲ್ಲ.

ಇದನ್ನು ಓದುತ್ತಿರುವ ವಿದ್ಯಾರ್ಥಿಗಳಿಗೆ ಒಂದು ಮಾತು. ನಿಮ್ಮ ಓಣಿಯಲ್ಲೂ ಒಬ್ಬ ಮಿಲಿಟರಿ ಅಜ್ಜ ಇದ್ದಾರು, ಬ್ಯಾಂಕಿನ ಬಾಗಿಲಲ್ಲಿ ಸೆಕ್ಯೂರಿಟಿ ಸಮವಸ್ತ್ರದಲ್ಲಿ ನಿಂತಿರುವ ಮಾಜಿ ಹವಾಲ್ದಾರ ಇದ್ದಾರು. 1971ರಲ್ಲಿ 20 ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಅವರ ಹತ್ತಿರ ಹೋದಾಗ ಎಷ್ಟು ಜನರನ್ನು ಕೊಂದಿರಿ ಎಂದು ಕೇಳಬೇಡಿ. ಮನೆ ಬಿಟ್ಟ ದಿನ ಬುತ್ತಿಗೆ ಏನು ಕಟ್ಟಿದ್ದರು, ಮೊದಲ ಪಗಾರ ಏನಾಯಿತು, ಊರಿಗೆ ಪತ್ರ ಯಾರು ಬರೆದುಕೊಡುತ್ತಿದ್ದರು, ಮನೆಯಲ್ಲಿ ಅದನ್ನು ಯಾರು ಓದಿ ಹೇಳುತ್ತಿದ್ದರು ಎಂದು ಕೇಳಿ. ಹೆಸರನ್ನು ಅವರ ಬಾಯಿಂದಲೇ ಪೂರ್ತಿ ಹೇಳಿಸಿ, ಅಪ್ಪನ ಹೆಸರು ಮತ್ತು ಊರಿನ ಸಮೇತ. ಮನೆಯ ಹೆಂಗಸರನ್ನೂ ಕೂರಿಸಿ ಕೇಳಿ. ಅವರೂ ಅಷ್ಟೇ ವರ್ಷ ಕಾದಿದ್ದಾರೆ.

ಕಳೆದ ತಿಂಗಳು ಕಲಘಟಗಿಯ ಕಡೆ ಒಬ್ಬ ನಿವೃತ್ತ ಚಾಲಕರ ಮನೆಗೆ ಹೋಗಿದ್ದೆ. ಒಂದು ಗಂಟೆ ಮಾತಾಡಿ, "ಮತ್ತೇನಿಲ್ಲಪಾ, ಇಷ್ಟ" ಎಂದು ಅವರು ಕೈ ಮುಗಿದರು. ಚಹಾ ಬಂತು. ನಾನು ರೆಕಾರ್ಡರ್ ಆರಿಸಲಿಲ್ಲ.