ಹಿಂಗಾಲಿನ ಮೇಲೆ ಕುಳಿತ ಮನೆ

ಎತ್ತಿನ ಗಾಡಿ ಹೊಡೆದವರಿಗೆ ಹಿಂಭಾರ, ಮುಂಭಾರ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಹೇರು ಹಿಂದಕ್ಕೆ ಹೆಚ್ಚಾದರೆ ನೊಗ ಮೇಲೆದ್ದು ಎತ್ತಿನ ಕುತ್ತಿಗೆ ಹಿಡಿಯುತ್ತದೆ. ಮುಂದಕ್ಕೆ ಹೆಚ್ಚಾದರೆ ಹೆಗಲು ಕುಸಿಯುತ್ತದೆ. ಯುರೋಪಿನಲ್ಲಿ ಬಳಸಿದ ಮೋಟಾರ್‌ಹೋಮ್ (ಮನೆಯನ್ನೇ ಹೊತ್ತು ಓಡುವ ಮೋಟಾರು ಬಂಡಿ) ಕೊಳ್ಳಲು ಹೋದ ಅನುಭವಸ್ಥ ಮೊದಲು ಹಿಂಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು ಟೇಪು ಹಿಡಿಯುವುದೂ ಇದೇ ಹಿಂಭಾರ ಪತ್ತೆಮಾಡಲಿಕ್ಕೆ. ಒಳಗಿನ ಹಾಸಿಗೆ, ಒಲೆ, ಫ್ರಿಜ್ಜು ನೋಡುವುದೆಲ್ಲ ಆಮೇಲೆ.

ಗಾಡಿಯ ಕುಲುಕಾಟ ತಪ್ಪಿಸುವ ಹಟ ತೀರಾ ಹಳೆಯದು. 1665ರ ಮೇ 1ರಂದು ವಿಜ್ಞಾನಿಗಳ ಕೂಟವಾದ ರಾಯಲ್ ಸೊಸೈಟಿಯ ಕೆಲವರು ಲಂಡನ್ ಸಮೀಪದ ಕರ್ನಲ್ ಒಬ್ಬನ ಮನೆಗೆ ಹೋಗಿ, ಕುದುರೆ ಕೋಚುಗಳ ಸವಾರಿಯನ್ನು ಮೆತ್ತಗಾಗಿಸುವ ಪ್ರಯೋಗಗಳನ್ನು ನೋಡಿದರು. ಜೊತೆಗಿದ್ದ ಸ್ಯಾಮುಯೆಲ್ ಪೀಪ್ಸ್ ಅದನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಆ ಗುಂಪಿನಲ್ಲಿ ರಾಬರ್ಟ್ ಹುಕ್ ಕೂಡ ಇದ್ದ. ಸ್ಪ್ರಿಂಗು ಹೇರಿದ ಭಾರಕ್ಕೆ ತಕ್ಕಷ್ಟೇ ಬಾಗುತ್ತದೆ ಎಂಬ ನಿಯಮವನ್ನು 1678ರಲ್ಲಿ ಪ್ರಕಟಿಸಿದವನು ಅವನೇ. ಆದರೆ ನಿಯಮ ಗೊತ್ತಾದ ಮಾತ್ರಕ್ಕೆ ಗಾಡಿ ಮೆತ್ತಗಾಗಲಿಲ್ಲ. ಲಂಡನ್ನಿನ ಕೋಚು ತಯಾರಕ ಒಬಡಯ್ಯ ಎಲಿಯಟ್ ಎರಡು ಬಿಲ್ಲುಗಳನ್ನು ಎದುರುಬದುರಾಗಿ ಕೂಡಿಸಿದ ಆಕಾರದ ಉಕ್ಕಿನ ಪಟ್ಟಿ ಸ್ಪ್ರಿಂಗಿಗೆ ಪೇಟೆಂಟ್ ಪಡೆದದ್ದು 1804ರಲ್ಲಿ. ಇದರಿಂದ ಕೋಚಿನ ಹೊಟ್ಟೆಯಡಿ ಉದ್ದಕ್ಕೂ ಹಾಯುತ್ತಿದ್ದ ದಪ್ಪ ಮರದ ತೊಲೆಯೇ ಬೇಡವಾಯಿತು.

ಆ ಸ್ಪ್ರಿಂಗುಗಳ ಮೇಲೆ ಮನೆಯನ್ನೇ ಕೂರಿಸುವ ಷೋಕಿ ಶುರುವಾಗಲು ಇನ್ನೂ ಎಂಬತ್ತು ವರ್ಷ ಹಿಡಿಯಿತು. ನೌಕಾಪಡೆಯ ನಿವೃತ್ತ ವೈದ್ಯ, ಹುಡುಗರಿಗಾಗಿ ಸಾಹಸ ಕಥೆ ಬರೆಯುತ್ತಿದ್ದ ಗಾರ್ಡನ್ ಸ್ಟೇಬಲ್ಸ್ 1885ರಲ್ಲಿ ರೈಲು ಬೋಗಿ ಕಟ್ಟುವ ಬ್ರಿಸ್ಟಲ್ಲಿನ ಕಂಪನಿಯಿಂದ 'ವಾಂಡರರ್' ಎಂಬ ಮನೆಗಾಡಿ ಮಾಡಿಸಿಕೊಂಡ. ಹದಿನೆಂಟು ಅಡಿ ಉದ್ದ, ಮಹೋಗನಿ ಮರದ ಒಡಲು, ಸುಮಾರು 2 ಟನ್ ತೂಕ, ಎಳೆಯಲು ಎರಡೇ ಕುದುರೆ. ಜೊತೆಗೊಂದು ನ್ಯೂಫೌಂಡ್‌ಲ್ಯಾಂಡ್ ನಾಯಿ, ಒಂದು ಗಿಳಿ. ಆಳು ಮೂರು ಚಕ್ರದ ಸೈಕಲ್ಲಿನಲ್ಲಿ ಮುಂದೆ ಹೋಗಿ ದಾರಿ ತೆರವು ಮಾಡಿಸಬೇಕು. ಹೀಗೆ ಟ್ವೈಫರ್ಡಿನಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಹೋಗಿ ಬಂದ ಕಥೆಯನ್ನು ಮರುವರ್ಷ ಪುಸ್ತಕ ಮಾಡಿದ. ಬಂಡಿಯಲ್ಲೇ ಬದುಕುವುದು ಜಿಪ್ಸಿಗಳ ಪಾಡು ಎಂದುಕೊಂಡಿದ್ದ ಇಂಗ್ಲೆಂಡಿಗೆ ಅದು ದೊಡ್ಡಮನುಷ್ಯರ ವಿನೋದವೂ ಆಗಬಹುದು ಎಂದು ಕಂಡದ್ದು ಅಲ್ಲಿಂದ.

ಸ್ಟೇಬಲ್ಸ್‌ನ ಗಾಡಿ ಮನೆಯಾಗಲೆಂದೇ ಹುಟ್ಟಿದ್ದು. ಮೋಟಾರು ಬಂದ ಮೇಲೆ ಆ ಭಾಗ್ಯ ಹೆಚ್ಚಿನವಕ್ಕೆ ಸಿಗಲಿಲ್ಲ. ಎರಡನೇ ಮಹಾಯುದ್ಧದ ನಂತರ ವೆಸ್ಟ್‌ಫಾಲಿಯಾ ಕಂಪನಿ ಫೋಕ್ಸ್‌ವ್ಯಾಗನ್ ವ್ಯಾನಿಗೆ, ಫೋಕ್‌ಸ್ಟನ್ನಿನ ಮಾರ್ಟಿನ್ ವಾಲ್ಟರ್ ಬೆಡ್‌ಫರ್ಡ್ ವ್ಯಾನಿಗೆ, ಜರ್ಮನಿಯ ಎರ್ವಿನ್ ಹೈಮರ್ 1961ರಲ್ಲಿ ಬೋರ್ಗ್‌ವಾರ್ಡ್ ವ್ಯಾನಿಗೆ ಮನೆ ಕಟ್ಟಿದರು. ಎಲ್ಲವೂ ಸರಕಿಗೆಂದು ಮಾಡಿದ ಬಂಡಿಗಳು.

ತೊಡಕು ಇರುವುದು ಇಲ್ಲೇ. ಪೇಟೆಯ ಸರಕಿನ ವ್ಯಾನು ಬೆಳಿಗ್ಗೆ ತುಂಬಿ ಸಂಜೆಗೆ ಖಾಲಿಯಾಗುತ್ತದೆ. ಅದರ ಸ್ಪ್ರಿಂಗು ರಾತ್ರಿ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತದೆ. ಮನೆ ಎಂದಾದರೂ ಖಾಲಿಯಾಗುತ್ತದೆಯೇ? ಕಪಾಟು, ನೀರಿನ ಟ್ಯಾಂಕು, ಗ್ಯಾಸ್ ಸಿಲಿಂಡರು, ಶೌಚಾಲಯ ಎಲ್ಲವನ್ನೂ ಹೊತ್ತು ಅದು ಚಳಿಗಾಲವಿಡೀ ಅಂಗಳದಲ್ಲಿ ನಿಂತೇ ಇರುತ್ತದೆ. ಇಪ್ಪತ್ತು ವರ್ಷ ಹೀಗೆ ನಿಂತ ಉಕ್ಕು ತನ್ನ ಬಿಲ್ಲಿನ ಬಾಗನ್ನು ಮರೆತು ಚಪ್ಪಟೆಯಾದರೆ ಅದರ ತಪ್ಪಲ್ಲ.

1981ರಲ್ಲಿ ಫಿಯಟ್ ಮತ್ತು ಪೂಜೋ ಕೂಡಿ ಇಟಲಿಯ ಅತೆಸ್ಸಾದ ಕಾರ್ಖಾನೆಯಲ್ಲಿ ಡುಕಾಟೊ ವ್ಯಾನನ್ನು ಹೊರತಂದವು. ಎಂಜಿನ್ನೂ ಎಳೆತವೂ ಮುಂದೆ; ಹಿಂದೆ ಸುಮ್ಮನೊಂದು ಅಡ್ಡ ಆಕ್ಸಲ್, ಎರಡು ಪಟ್ಟಿ ಸ್ಪ್ರಿಂಗು. ಹಿಂಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟು ಇಲ್ಲದ್ದರಿಂದ ನೆಲ ತಗ್ಗಿನಲ್ಲಿತ್ತು. ಮೋಟಾರ್‌ಹೋಮ್ ಕಟ್ಟುವವರು ಇದಕ್ಕೆ ಮುಗಿಬಿದ್ದರು, ಮನೆಯನ್ನು ಹಿಂಚಕ್ರದಾಚೆಗೂ ಚಾಚಿದರು, ಆ ತುದಿಯಲ್ಲಿ ಸೈಕಲ್, ಸ್ಕೂಟರು ಇಡಲು 'ಗ್ಯಾರೇಜ್' ಬೇರೆ ಮಾಡಿದರು. ಗಾಡಿಯವನ ಹಿಂಭಾರದ ಲೆಕ್ಕ ಇಲ್ಲಿ ಅಂಕಿಯಲ್ಲೇ ಸಿಗುತ್ತದೆ. ಮುಂಚಕ್ರಕ್ಕೂ ಹಿಂಚಕ್ರಕ್ಕೂ ನಡುವೆ 4 ಮೀಟರ್ ಅಂತರವಿದ್ದು, ಹಿಂಚಕ್ರದಿಂದ 2 ಮೀಟರ್ ಹಿಂದೆ 100 ಕೆಜಿ ಇಟ್ಟರೆ ಹಿಂದಿನ ಆಕ್ಸಲ್ ಮೇಲೆ ಬೀಳುವುದು 150 ಕೆಜಿ. ಆ ಹೆಚ್ಚಿನ 50 ಮುಂಚಕ್ರದಿಂದ ಕಿತ್ತುಕೊಂಡದ್ದು. ಎಳೆಯಬೇಕಾದ ಚಕ್ರವೇ ಹಗುರವಾದ ಮೇಲೆ ಕ್ಯಾಂಪಿನ ಒದ್ದೆ ಹುಲ್ಲಿನಲ್ಲಿ ಅದು ಸುಮ್ಮನೆ ತಿರುಗಿದರೆ ಸೋಜಿಗವೇನು?

ಹೀಗಾಗಿ ಹಿಂಭಾಗವನ್ನು ಪರೀಕ್ಷಿಸಿ ಗಟ್ಟಿಮಾಡುವುದೇ ಒಂದು ಉಪಕಸುಬಾಗಿ ಬೆಳೆಯಿತು. ಚಕ್ರದ ನಡುವಿನಿಂದ ಮೇಲಿನ ಕಮಾನಿನವರೆಗೆ ಎಡಕ್ಕೂ ಬಲಕ್ಕೂ ಅಳೆಯುತ್ತಾರೆ. ನೀರಿನ ಟ್ಯಾಂಕು ಒಂದೇ ಮಗ್ಗುಲಿಗಿದ್ದರೆ ಆ ಕಡೆ ಜಗ್ಗಿರುತ್ತದೆ. ಬಗ್ಗಿ ನೋಡಿದರೆ ಆಕ್ಸಲ್ ಮತ್ತು ಚಾಸಿಯ ನಡುವೆ ಬಂಪ್ ರಬ್ಬರು ಕಾಣುತ್ತದೆ. ಚಕ್ರ ಗುಂಡಿಗೆ ಬಿದ್ದಾಗ ಮಾತ್ರ ತಾಗಬೇಕಾದ ಆ ರಬ್ಬರಿನ ಮೇಲೆ ಎಷ್ಟೋ ಮನೆಗಳು ನಿಂತಲ್ಲೇ ಕೂತುಬಿಟ್ಟಿರುತ್ತವೆ. ಪಟ್ಟಿಗಳ ನಡುವಿನ ತುಕ್ಕು, ಶಾಕ್ ಅಬ್ಸಾರ್ಬರಿನಿಂದ ಒಸರಿದ ಎಣ್ಣೆ ಅದೇ ನೋಟಕ್ಕೆ ಸಿಗುತ್ತವೆ. ಮದ್ದಂತೂ ನಮ್ಮ ಲಾರಿಯವರಿಗೆ ಗೊತ್ತಿರುವುದೇ: ಇನ್ನೊಂದು ಪ್ಲೇಟು ಕೂಡಿಸುವುದು. ಅದು ಬೇಡವೆಂದವರು ಸ್ಪ್ರಿಂಗಿನ ಮೇಲೆ ರಬ್ಬರಿನ ಗಾಳಿಚೀಲ ಕೂರಿಸಿ, ಎಡಬಲಕ್ಕೆ ಬೇರೆಬೇರೆ ಪೈಪು ಎಳೆದು, ಡ್ರೈವರ್ ಮುಂದೆ ಮೀಟರು ಇಟ್ಟುಕೊಳ್ಳುತ್ತಾರೆ. ಬವೇರಿಯಾದ ಆಲ್ಕೋ ಕಂಪನಿ ವ್ಯಾನಿನ ಹಿಂಭಾಗದ ಚಾಸಿಯನ್ನೇ ತೆಗೆದು ತನ್ನ ತಗ್ಗು ಚಾಸಿಯನ್ನೂ ತಿರುಚಿಕೊಳ್ಳುವ ಸರಳಿನ ಆಕ್ಸಲನ್ನೂ ಜೋಡಿಸಿತು. ಆದರೆ ಅದಕ್ಕೆ ತಪ್ಪದೆ ಗ್ರೀಸು ಬೇಕು. ಯಾವ ಉಪಾಯ ಮಾಡಿದರೂ ಚಾಸಿಯ ಫಲಕದಲ್ಲಿ ಕೊರೆದ ತೂಕದ ಮಿತಿ ತಾನಾಗಿ ಏರುವುದಿಲ್ಲ. ಹಿಂಭಾಗ ಎತ್ತರವಾದದ್ದನ್ನೇ ಬಲ ಬಂತೆಂದು ತಿಳಿದು ಇನ್ನಷ್ಟು ತುಂಬುವವರು ಅಲ್ಲೂ ಕಡಿಮೆಯಿಲ್ಲ.

ಡುಕಾಟೊಗೂ ಮೊದಲೇ ಈ ಗೋಜನ್ನು ಬುಡದಿಂದ ತಪ್ಪಿಸಲು ಹೊರಟದ್ದು ಅಮೆರಿಕದ ಜನರಲ್ ಮೋಟಾರ್ಸ್. 1953ರಲ್ಲೇ ತನ್ನ ಬಸ್ಸುಗಳನ್ನು ಗಾಳಿಚೀಲದ ಮೇಲೆ ಓಡಿಸಿದ್ದ ಕಂಪನಿ ಅದು. ವ್ಯಾನಿನ ಹಂಗಿಲ್ಲದೆ, ಮನೆಗೆಂದೇ ಚಾಸಿ ಕಟ್ಟಿ 1973ರ ಮಾಡೆಲ್ಲಾಗಿ ಜಿಎಂಸಿ ಮೋಟಾರ್‌ಹೋಮನ್ನು ಮಾರುಕಟ್ಟೆಗೆ ತಂದಿತು. ಉದ್ದ 23 ಅಡಿ ಅಥವಾ 26 ಅಡಿ. ಎಂಜಿನ್ನು, ಮುಂದಿನ ಎಳೆತ ಎರಡೂ ಓಲ್ಡ್ಸ್‌ಮೊಬೈಲ್ ಟೊರೊನಾಡೊ ಕಾರಿನವು. ಹಿಂದೆ ಅಡ್ಡ ಆಕ್ಸಲ್ಲೇ ಇಲ್ಲ. ಒಂದೊಂದು ಮಗ್ಗುಲಿಗೆ ಒಂದರ ಹಿಂದೊಂದು ಎರಡು ಚಕ್ರ, ಅವನ್ನು ಹಿಡಿದ ಎರಡು ತೋಳು, ತೋಳುಗಳ ನಡುವೆ ಅಡ್ಡಲಾಗಿ ಮಲಗಿದ ಒಂದೇ ಗಾಳಿಚೀಲ. ಭಾರ ಹೆಚ್ಚಿದರೆ ಕಂಪ್ರೆಸರ್ ತಾನೇ ಗಾಳಿ ತುಂಬಿ ಮಟ್ಟ ಸರಿಮಾಡುತ್ತಿತ್ತು. ಇದು ಡಬ್ಬಿಯಂತೆ ಕಾಣುವುದೂ ಇಲ್ಲ, ಲಾರಿಯಂತೆ ಕುಲುಕುವುದೂ ಇಲ್ಲ ಎಂದು ಜಾಹೀರಾತು ಕೊಚ್ಚಿಕೊಂಡಿತು. ಅದರಲ್ಲಿ ಉತ್ಪ್ರೇಕ್ಷೆ ಕಡಿಮೆಯೇ.

1978ರಲ್ಲಿ ಉತ್ಪಾದನೆ ನಿಂತಿತು. ಒಟ್ಟು ತಯಾರಾದವು 13 ಸಾವಿರಕ್ಕೆ ಸ್ವಲ್ಪ ಕಡಿಮೆ. ಅವುಗಳಲ್ಲಿ ಸಾಕಷ್ಟು ಇಂದಿಗೂ ಓಡುತ್ತಿವೆ, ಕೈ ಬದಲಾಗುತ್ತಿವೆ. ಒಂದು ಚೀಲ ಒಡೆದರೆ ಆ ಮಗ್ಗುಲೇ ಕುಸಿಯುತ್ತದೆಂದು ಕೆಲವರು ಚಕ್ರಕ್ಕೊಂದರಂತೆ ನಾಲ್ಕು ಚೀಲ ಹಾಕಿಸಿದ್ದಾರೆ. ಹಳೆಯ ಜಿಎಂಸಿ ಕೊಳ್ಳುವ ಜಾಣ ಮೊದಲ ದಿನವೇ ವ್ಯಾಪಾರ ಕುದುರಿಸುವುದಿಲ್ಲ. ಸಂಜೆ ಗಾಳಿ ತುಂಬಿಸಿ ಹಿಂಭಾಗದ ಎತ್ತರ ಬರೆದುಕೊಂಡು ಹೋಗಿ, ಬೆಳಿಗ್ಗೆ ಅದೇ ಟೇಪು ಹಿಡಿದು ಮತ್ತೆ ಬರುತ್ತಾನೆ.